ಅರಿಶಿನ ಹೊಟ್ಟೆಯ ಮೀನು

ಮೀನು ಹೊಸ್ತಿಲು ದಾಟದ ಮನೆಯಲ್ಲಿ ಹುಟ್ಟಿದವಳು ನಾನು. ಲಕ್ಷ್ಮೇಶ್ವರದಲ್ಲಿ ತಲೆತಲಾಂತರದಿಂದ ಶಿವನ ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ ನಮ್ಮದು. ಆದರೂ ಗದಗ-ಬೆಟಗೇರಿಯಲ್ಲಿ ಕೆಲವರು ಇವತ್ತಿಗೂ ನನ್ನನ್ನು ಗುರುತಿಸುವುದು ‘ಮೀನಿನ ಅಕ್ಕೋರು’ ಎಂದೇ. ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯ ಟೀಚರು. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಹಾಗೆ ಕೂಗಿದರೆ ಪಕ್ಕದಲ್ಲಿ ನಿಂತವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕೈಯಲ್ಲಿನ ಚೀಲ ನೋಡುತ್ತಾರೆ. ಚೀಲದಲ್ಲಿ ಮೆಂತ್ಯೆ ಸೊಪ್ಪು ಇರುತ್ತದೆ. ಮೊದಲೆಲ್ಲ ನನಗೂ ನಗು ಬರುತ್ತಿತ್ತು.

ಹೋದ ತಿಂಗಳು ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನ ಮೊಬೈಲಿಗೆ ಒಂದು ಬರಹ ಕಳಿಸಿದಳು. ಕ್ರೊಯೇಷಿಯಾ ಎಂಬ ದೇಶವಂತೆ. ಅಲ್ಲಿನ ಕಡಲ ದಂಡೆಯ ಜನ ತಮ್ಮ ಆಡುಮಾತಿನಲ್ಲಿ ಮೀನುಗಳಿಗೆ ಇಟ್ಟುಕೊಂಡ ಹೆಸರುಗಳೊಳಗೆ ಯಾವ ಕಾಲದ್ದೋ ದೇವರ ಕಥೆಗಳು ಇನ್ನೂ ಉಸಿರಾಡುತ್ತಿವೆಯಂತೆ. ಒಂದು ಮೀನಿಗೆ ಅವರು ‘ಕಮ್ಮಾರ’ ಎನ್ನುತ್ತಾರೆ. ಅದರ ಹಿಂದೆ ಕುಲುಮೆಯ ಮುಂದೆ ಕೂತ ಹಳೆಯ ದೇವರೊಬ್ಬನ ನೆರಳಿದೆ ಎಂದು ಬಲ್ಲವರು ಹೇಳುತ್ತಾರಂತೆ. ‘ನಿಮ್ಮ ಮೀನಿನ ಹೆಸರು ನೆನಪಾದವ್ರಿ ಅಕ್ಕೋರ, ನೀವೂ ಬರೀರಿ’ ಎಂದು ಹುಡುಗಿ ಕೆಳಗೆ ಸೇರಿಸಿದ್ದಳು. ಪಾಪ, ಅವಳಿಗೇನು ಗೊತ್ತು. ಓದಿ ಮೊಬೈಲು ಕೆಳಗಿಟ್ಟೆ. ಆ ದಿನ ನನಗೆ ಊಟ ಸೇರಲಿಲ್ಲ.

ಬರೆಯುತ್ತೇನೆ. ಆದರೆ ಅವಳು ಅಂದುಕೊಂಡಂಥ ಬರಹ ಇದಾಗುವುದಿಲ್ಲ.

ಮುಂಡರಗಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಒಂದು ಹಳ್ಳಿಗೆ ನನ್ನನ್ನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ಹಾಕಿದರು. ಒಬ್ಬಳೇ ಹೆಂಗಸು, ಮದುವೆಯಾಗಿಲ್ಲ, ಬಾಡಿಗೆಗೆ ಕೋಣೆ ಬೇಕು. ಊರೊಳಗೆ ಕೊಡುವವರು ಯಾರೂ ಸಿಗಲಿಲ್ಲ. ಕೊನೆಗೆ ಹೊಳೆಯ ಹತ್ತಿರ, ಅಂಬಿಗರ ಮುದುಕಿಯೊಬ್ಬಳ ಮನೆಯ ಮುಂದಿನ ಕೋಣೆ ಸಿಕ್ಕಿತು. ಊರಿಗೆಲ್ಲ ಅವಳು ‘ಆಯಿ’. ಗಂಡ ಹರಗೋಲು ಹಾಕಿ ಜನರನ್ನು ಹೊಳೆ ದಾಟಿಸುತ್ತಿದ್ದವನು. ಸೇತುವೆ ಆದಮೇಲೆ ಹರಗೋಲಿಗೆ ಜನ ಇಲ್ಲ, ಆಮೇಲೆ ಅವನೂ ಇಲ್ಲ. ಹರಗೋಲು ಮಾತ್ರ ಉಳಿದಿತ್ತು, ಆಯಿ ಅದರಲ್ಲಿ ಕೂತು ಬಲೆ ಬಿಡುತ್ತಿದ್ದಳು. ನಾನು ಬಂದ ದಿನ ಬಾಗಿಲಲ್ಲಿ ನಿಂತು, ‘ಬರ್ರಿ ಅಕ್ಕೋರ, ಕುಂಡ್ರಿ. ಮೀನಿನ ವಾಸನಿ ಬರ್ತೈತಿ, ಈಗಲೇ ಹೇಳಿಬಿಡ್ತೀನಿ. ಆಮ್ಯಾಲೆ ಮೂಗು ಮುಚ್ಕೊಂಡು ಅಡ್ಡಾಡಬ್ಯಾಡ್ರಿ’ ಎಂದಳು. ಒಂದು ತಿಂಗಳು ಮೂಗು ಮುಚ್ಚಿಕೊಂಡೇ ಓಡಾಡಿದೆ. ಆಮೇಲೆ ವಾಸನೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ನಾನು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವ ಹೊತ್ತಿಗೆ ಅವಳು ಹೊಳೆಯಿಂದ ಬಂದು ಬುಟ್ಟಿ ಸುರಿದು ಮೀನು ವಿಂಗಡಿಸುತ್ತಿದ್ದಳು. ವಿಂಗಡಿಸುತ್ತ ಒಂದೊಂದನ್ನೂ ಹೆಸರು ಹಿಡಿದು ಬೈಯುತ್ತಿದ್ದಳು. ಬೇಸಿಗೆಯಲ್ಲಿ ಕೆಸರೊಳಗೆ ಹೂತು ಮಲಗಿ ಮೊದಲ ಮಳೆಗೆ ಏಳುವ ಕಪ್ಪು ಮೀನು ‘ಕುಂಭಕರ್ಣ’. ಗಾಳಕ್ಕೆ ಸಿಗದೆ ಹುಳ ಮಾತ್ರ ತಿಂದು ಹೋಗುವುದು ‘ಶಕುನಿ’. ಬೆನ್ನ ಬಳಿ ಎರಡೂ ಕಡೆ ಕರೀ ಚುಕ್ಕೆ ಇರುವ ಸಣ್ಣ ಮೀನು ‘ಭೀಮನ ಬೊಟ್ಟು’. ವನವಾಸದಲ್ಲಿ ಹಸಿದ ಭೀಮ ಎರಡು ಬೆರಳಲ್ಲಿ ಹಿಡಿದನಂತೆ, ಅವನ ಕೈಗೆ ಸಾಲದಷ್ಟು ಸಣ್ಣದೆಂದು ಬಿಟ್ಟುಬಿಟ್ಟನಂತೆ, ಬೆರಳ ಗುರುತು ಹಾಗೇ ನಿಂತಿತು. ‘ಆವತ್ತು ಭೀಮ ತಿಂದಿದ್ರ ಇವತ್ತು ನಮಗ ಇರ್ತಿದ್ದಿಲ್ಲ’ ಎಂದು ಆಯಿ ಅದನ್ನು ಬುಟ್ಟಿಗೆ ಎಸೆಯುತ್ತಿದ್ದಳು. ನನಗೆ ಮೋಜು ಹತ್ತಿತು. ಶಾಲೆಯ ಒಂದು ನೋಟ್‌ಬುಕ್ ತಂದು ಬರೆದುಕೊಳ್ಳತೊಡಗಿದೆ. ಮೀನು ತಿನ್ನದವಳು ಮೀನಿನ ಹೆಸರು ಬರೆಯುತ್ತಾಳೆಂದು ಅವಳ ಓಣಿಯಲ್ಲಿ ನಗೆಯೋ ನಗೆ.

ಆ ನೋಟ್‌ಬುಕ್ಕಿನಲ್ಲಿ ಎರಡು ಹೆಸರು ಅಕ್ಕಪಕ್ಕ ಇವೆ. ‘ಮದುಮಗಳು’ ಮತ್ತು ‘ಸವತಿ’.

ಎರಡೂ ಗೇಣುದ್ದದ ಬೆಳ್ಳಿ ಬಣ್ಣದ ಮೀನುಗಳು. ಕೈಯಲ್ಲಿ ಹಿಡಿದರೆ ತೂಕ ಒಂದೇ, ರೆಕ್ಕೆ ಒಂದೇ, ಹುರುಪೆ ಒಂದೇ. ಕಣ್ಣು ಮುಚ್ಚಿ ಮುಟ್ಟಿದರೆ ಹುಟ್ಟಾ ಅಂಬಿಗರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಮಗುಚಿ ಹೊಟ್ಟೆ ನೋಡಬೇಕು. ಒಂದರ ಹೊಟ್ಟೆ ಬಿಳಿ, ಅದು ಸವತಿ. ಇನ್ನೊಂದರ ಹೊಟ್ಟೆಗೆ ಅರಿಶಿನ ಬಳಿದಂಥ ಹಳದಿ, ಅದು ಮದುಮಗಳು.

‘ಗಂಗವ್ವ ನಮ್ಮ ಪೈಕಿ ಹುಡುಗಿ ರೀ ಅಕ್ಕೋರ’ ಎಂದಳು ಆಯಿ. ಪಕ್ಕದ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದಳು. ‘ಅಂಬಿಗರ ಮಗಳು. ಮೈಗೆ ಅರಿಷಿಣ ಹಚ್ಕೊಂಡು ಹೊಳಿಗೆ ಬಂದಾಗ ಶಿವಪ್ಪ ಕಂಡ. ಮನಿಯಾಗ ಗೌರವ್ವ ಇದ್ದಾಳ, ಇಕಿನ್ನ ಎಲ್ಲಿ ಇಡೂದು? ಜಡಿಯಾಗ ಮುಚ್ಚಿ ಇಟ್ಕೊಂಡು ಹೋಗಿಬಿಟ್ಟ. ಗೌರವ್ವ ಸಿಟ್ಟಿಲೆ ಹುಡುಕ್ಕೋತ ಬಂದು ಹೊಳಿಯಾಗ ಇಳದ್ಲು, ಸವತಿ ಮೀನು ಆತು. ಇಕಿ ಮೈಯಾಗಿನ ಅರಿಷಿಣ ನೀರಿಗೆ ಇಳೀತು, ಮದುಮಗಳು ಆತು. ಇಷ್ಟೆಲ್ಲಾ ಆತು, ಆದ್ರ ಅಕಿ ಅವ್ವಗ ಯಾರೂ ಹೇಳಲೇ ಇಲ್ಲ ನೋಡ್ರಿ, ನಿನ್ನ ಮಗಳನ್ನ ಎಲ್ಲಿ ಇಟ್ಟೀವಿ ಅಂತ.’

ನಮ್ಮ ಅಪ್ಪ ದಿನಾ ನೀರೆರೆಯುತ್ತಿದ್ದ ದೇವರ ತಲೆಯ ಮೇಲೆ ಕೂತವಳಿಗೂ ಒಬ್ಬ ತಾಯಿ ಇದ್ದಾಳೆಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಗಂಗವ್ವನ ತಾಯಿ ಮಗಳನ್ನು ಹುಡುಕುತ್ತ ಬಲೆ ಬೀಸಿದಾಗ ಈ ಹಳದಿ ಮೀನು ಬಿತ್ತಂತೆ. ಮಗಳ ಮೈ ಬಣ್ಣ ಗುರುತು ಹಿಡಿದು ಅದನ್ನು ನೀರಿಗೆ ಬಿಟ್ಟು, ‘ಉಂಡಿಯೇನವ್ವಾ?’ ಎಂದು ಕೇಳಿದಳಂತೆ. ಅವತ್ತಿನಿಂದ ಆಯಿಯ ಮನೆತನದಲ್ಲಿ ಮಗಳನ್ನು ಮದುವೆ ಮಾಡಿ ಕೊಟ್ಟ ತಾಯಿ ಮದುಮಗಳು ಮೀನನ್ನು ಇಟ್ಟುಕೊಳ್ಳುವುದಿಲ್ಲ. ಬಲೆಯಿಂದ ಬಿಡಿಸಿ, ನೀರಿಗೆ ಬಿಟ್ಟು, ಅದೇ ಮಾತು ಕೇಳುತ್ತಾಳೆ. ಹೊಳೆಯ ನೀರು ಎಲ್ಲ ಊರಿಗೂ ಹೋಗುತ್ತದೆ, ಮಗಳ ಊರಿಗೂ ಹೋಗುತ್ತದೆ ಎಂಬ ಲೆಕ್ಕ. ಇದು ಪದ್ಧತಿಯ ಅರ್ಧ. ಇನ್ನರ್ಧವನ್ನು ಆಯಿ ಹೇಳಿದ್ದು ಎಷ್ಟೋ ದಿನ ಬಿಟ್ಟು, ಅದೂ ನಾನು ಕೆದಕಿ ಕೇಳಿದ ಮೇಲೆ. ಕೊಟ್ಟ ಮಗಳು ಸತ್ತರೆ, ಆಮೇಲೆ ಬಲೆಗೆ ಬೀಳುವ ಮೊದಲ ಮದುಮಗಳನ್ನು ಬಿಡುವಂತಿಲ್ಲ. ತಾಯಿ ತನ್ನ ಕೈಯಾರೆ ಬಲೆಯಿಂದ ಬಿಡಿಸಿ ಮನೆಗೆ ತಂದು, ಬೇಯಿಸಿ, ಹೊಳೆಯ ಕಡೆ ಮುಖ ಮಾಡಿ ಕೂತು ಒಂದು ತುತ್ತು ಉಣ್ಣಬೇಕು. ತಾಯಿ ಉಂಡರೆ ಮಗಳು ಉಂಡಂತೆ. ಅಲ್ಲಿಯವರೆಗೆ ಹೋದ ಮಗಳು ಹಸಿದುಕೊಂಡೇ ಕೂತಿರುತ್ತಾಳೆ.

ಇದನ್ನೂ ಬರೆದುಕೊಂಡೆ. ಕೆಳಗೆ ಕೆಂಪು ಪೆನ್ನಿನಿಂದ ಗೆರೆ ಎಳೆದೆ.

ಆಯಿಗೆ ಒಬ್ಬಳೇ ಮಗಳು. ಶಿರಹಟ್ಟಿ ಕಡೆಯ ಹೊಳೆದಂಡೆಯ ಊರಿಗೆ ಕೊಟ್ಟಿದ್ದಳು. ಗಂಡ ಹೆಂಡತಿ ಇಬ್ಬರೂ ಗೋವಾದ ಬಂದರಿನಲ್ಲಿ ಮೀನು ವಿಂಗಡಿಸುವ ಕೆಲಸಕ್ಕೆ ಹೋಗಿದ್ದರು. ಆಯಿ ಮೊಬೈಲು ಇಟ್ಟುಕೊಂಡಿರಲಿಲ್ಲ, ನನ್ನ ನಂಬರನ್ನೇ ಮಗಳಿಗೆ ಕೊಟ್ಟಿದ್ದಳು. ಹದಿನೈದು ದಿನಕ್ಕೊಮ್ಮೆ ಫೋನು ಬರುತ್ತಿತ್ತು. ತಾಯಿ ಮಗಳು ಇಬ್ಬರೂ ಹೊಳೆಯ ಆಚೆ ಈಚೆ ದಂಡೆಯಲ್ಲಿ ನಿಂತವರ ಹಾಗೆ ಕೂಗಿ ಮಾತಾಡುತ್ತಿದ್ದರು. ಇಡುವಾಗ ಮಗಳು ನನಗೆ, ‘ಅಕ್ಕೋರ, ಅವ್ವನ ಕಣ್ಣು ಒಂದು ಮಾಡಿಸಿಬಿಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ’ ಎನ್ನುತ್ತಿದ್ದಳು. ಆಯಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೀನಿನ ಹೊಟ್ಟೆಯ ಬಣ್ಣ ನೋಡಲು ಬಿಸಿಲಿಗೆ ಹಿಡಿದು, ಮೂಗಿನ ಹತ್ತಿರ ತಂದು ನೋಡಬೇಕಾಗುತ್ತಿತ್ತು.

ಒಂದು ಚಳಿಗಾಲದಲ್ಲಿ ಅವಳನ್ನು ಬಸ್ಸಿನಲ್ಲಿ ಗದಗಿಗೆ ಕರೆದುಕೊಂಡು ಹೋಗಿ ಒಂದು ಕಣ್ಣಿನ ಆಪರೇಷನ್ ಮಾಡಿಸಿದೆ. ಕಪ್ಪು ಚಶ್ಮಾ ಹಾಕಿಸಿದ ಡಾಕ್ಟರು ನಲವತ್ತು ದಿನದ ಪಥ್ಯ ಹೇಳಿದರು. ತಲೆಗೆ ಸ್ನಾನ ಇಲ್ಲ, ಒಲೆಯ ಹೊಗೆ ಕೂಡದು, ಬಗ್ಗುವಂತಿಲ್ಲ, ಮುಖ್ಯವಾಗಿ ಅಳುವಂತಿಲ್ಲ. ‘ನಾ ಯಾಕ ಅಳಲಿ ಸಾಹೇಬ್ರ, ನನಗೇನಾಗೈತಿ’ ಎಂದು ಆಯಿ ನಕ್ಕಳು.

ಒಂಬತ್ತನೆಯ ದಿನ ಫೋನು ಬಂತು. ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬಡಿಸುತ್ತಿದ್ದೆ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಸೌಟು. ಆ ಕಡೆಯಿಂದ ಅಳಿಯ ಮಾತಾಡಿದ. ‘ಅಕ್ಕೋರ, ಅಕಿ ಹೋದಳ್ರಿ. ಕಾಮಣಿ ಆಗಿತ್ತು, ಎಂಟು ದಿನದಾಗ ಮೈ ಎಲ್ಲಾ ಹಳದಿ ಆತ್ರಿ. ಇಲ್ಲೇ ಮಣ್ಣು ಮಾಡಿದ್ವಿ. ಆಯಿಗೆ ನೀವ ಹೇಳ್ರಿ, ನನ್ನ ಬಾಯಿಲೆ ಆಗೂದಿಲ್ರಿ.’ ಮುಂದೆ ತಟ್ಟೆ ಹಿಡಿದು ನಿಂತ ಮಕ್ಕಳು ಕಾಯುತ್ತಿದ್ದರು. ನಾನು ಬಡಿಸಿದೆ. ಕೊನೆಯ ತಟ್ಟೆಯವರೆಗೂ ಬಡಿಸಿದೆ.

ಸಂಜೆ ಮನೆಗೆ ಹೋದಾಗ ಆಯಿ ಕಪ್ಪು ಚಶ್ಮಾ ಹಾಕಿಕೊಂಡು ಕಟ್ಟೆಯ ಮೇಲೆ ದೊಡ್ಡ ಸಾಹೇಬರ ಗತ್ತಿನಲ್ಲಿ ಕೂತಿದ್ದಳು. ‘ಹೆಂಗ ಕಾಣ್ತೀನಿ ಯವ್ವಾ, ಸಿನೆಮಾದವರಂಗ ಅದೀನಿಲ್ಲ?’ ಎಂದಳು. ಅಷ್ಟರಲ್ಲಾಗಲೇ ಅವಳು ನನ್ನನ್ನು ‘ರೀ’ ಹಚ್ಚಿ ಮಾತಾಡಿಸುವುದು ಬಿಟ್ಟು ವರ್ಷಗಳಾಗಿದ್ದವು. ನಾನು ಹೌದೆಂದೆ. ನಲವತ್ತು ದಿನ ಕಳೆಯಲಿ, ಆಮೇಲೆ ಹೇಳೋಣ ಎಂದು ನಿರ್ಧಾರ ಮಾಡಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆದೆ. ಪಥ್ಯದ ಲೆಕ್ಕವೆಂದು ಆಯಿ ತಿಳಿದಿದ್ದಳು. ದುಡ್ಡಿಲ್ಲದೆ, ಆಸರೆಯಿಲ್ಲದೆ ಬದುಕುವ ಹೆಂಗಸಿನ ಕಣ್ಣು ಉಳಿಸುತ್ತಿದ್ದೇನೆ ಎಂಬ ಹೆಮ್ಮೆ ಬೇರೆ ನನಗೆ.

ನಲವತ್ತೊಂದನೆಯ ದಿನ ಬೆಳಿಗ್ಗೆ ಅವಳು ಚಶ್ಮಾ ತೆಗೆದಿಟ್ಟು ಹರಗೋಲು ಇಳಿಸಿದಳು. ನನ್ನನ್ನೂ ಹೊಳೆಗೆ ಕರೆದಳು. ಇವತ್ತು ಹೇಳಿಬಿಡಬೇಕೆಂದು ನಾನೂ ಹೋದೆ. ಮಾತು ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಒಪ್ಪ ಮಾಡಿಕೊಂಡಿದ್ದೆ. ದಂಡೆಗೆ ಬಂದು ಬಲೆ ಝಾಡಿಸಿದಾಗ ಅದರಲ್ಲಿ ಒಂದು ಮದುಮಗಳು ಇತ್ತು.

ಆಯಿ ಅದನ್ನು ಅಂಗೈಯಲ್ಲಿ ಮಗುಚಿದಳು. ಮೂಗಿನ ಹತ್ತಿರ ತರಲಿಲ್ಲ, ತೋಳು ಪೂರ್ತಿ ಚಾಚಿ ದೂರ ಹಿಡಿದು ನೋಡಿದಳು. ‘ಯವ್ವಾ, ನೋಡಿಲ್ಲೆ. ಏನ್ ಹಳದಿ ಐತಿ ಇದು. ಇಷ್ಟು ವರ್ಷ ನನಗ ಬೂದಿ ಬಣ್ಣದಂಗ ಕಾಣ್ತಿತ್ತು. ಇಷ್ಟು ಹಳದಿ ಇರ್ತೈತಿ ಅನ್ನೂದ ಮರತಬಿಟ್ಟಿದ್ದೆ.’ ಅವಳ ಮುಖದ ತುಂಬ ನಗು. ನೀರಿಗೆ ಬಾಗಿ ಎರಡೂ ಕೈ ಬಿಟ್ಟಳು. ಮೀನು ಒಂದು ಸಲ ಹೊರಳಿ ಒಳಗೆ ಹೋಯಿತು. ‘ಉಂಡಿಯೇನವ್ವಾ?’ ಎಂದು ಕೂಗಿದಳು. ಕೂಗಿ ನನ್ನ ಕಡೆ ತಿರುಗಿ, ‘ಭಾಳ ದಿನಾತು, ಫೋನ್ ಬಂದಿತ್ತೇನ ಅಕಿದು?’ ಎಂದು ಕೇಳಿದಳು.

‘ಬಂದಿತ್ತು ಆಯಿ. ಶಾಲಿಯಾಗಿದ್ದೆ. ಆರಾಮದಾಳಂತ’ ಎಂದೆ.

ನನಗೆ ಪದ್ಧತಿ ಗೊತ್ತಿರಲಿಲ್ಲವೆಂದು ಹೇಳುವ ಹಾಗಿಲ್ಲ. ಅದು ನನ್ನದೇ ಅಕ್ಷರದಲ್ಲಿ ನನ್ನ ನೋಟ್‌ಬುಕ್ಕಿನಲ್ಲಿತ್ತು, ಕೆಂಪು ಗೆರೆ ಸಮೇತ. ಆ ಮೀನು, ಅವಳು ಬೇಯಿಸಿ ಉಣ್ಣಬೇಕಾಗಿದ್ದ ಮೀನು. ಅದು ಹೋಗುವುದನ್ನು ನಾನು ನಿಂತು ನೋಡಿದೆ. ಆ ಹೊತ್ತಿಗೆ ನನಗೆ ಅದು ಒಂದು ಚೆಂದದ ಕಥೆಯಷ್ಟೇ ಆಗಿತ್ತು, ಮುದುಕಿಯ ನಗುವಿನ ಮುಂದೆ ಕಥೆ ಏನು ಮಹಾ ಎನ್ನಿಸಿತು. ನಮ್ಮ ಮನೆಯಲ್ಲಿ ಅಪ್ಪ ದೇವರಿಗೆ ನೈವೇದ್ಯ ತೋರಿಸದೆ ಒಂದು ದಿನವೂ ಬಾಯಿಗೆ ನೀರು ಹಾಕಿದವನಲ್ಲ. ಜ್ವರ ಬಂದು ಬಿದ್ದಾಗಲೂ ಗುಡಿಯಿಂದ ‘ನೈವೇದ್ಯ ಆತು’ ಎಂಬ ಮಾತು ಬರುವವರೆಗೆ ಗಂಜಿಯ ಬಟ್ಟಲು ಮುಟ್ಟುತ್ತಿರಲಿಲ್ಲ. ಕಣ್ಣಿಗೆ ಕಾಣದವರಿಗೆ ಉಣಿಸುವುದೆಂದರೆ ಏನೆಂದು ತಿಳಿಯಬೇಕಾಗಿದ್ದವಳೇ ನಾನು.

ಒಂದು ಸುಳ್ಳು ಹೇಳಿದ ಮೇಲೆ ಅದಕ್ಕೆ ಸೀರೆ ಉಡಿಸಬೇಕಾಗುತ್ತದೆ, ಕುಪ್ಪಸ ತೊಡಿಸಬೇಕಾಗುತ್ತದೆ. ನಾನು ಅದೆಲ್ಲ ಮಾಡಿದೆ. ಮಗಳ ಕೆಲಸ ಬದಲಾಗಿದೆ, ಅದಕ್ಕೇ ನಾನು ಶಾಲೆಯಲ್ಲಿದ್ದಾಗ ಫೋನು ಮಾಡಿ ಬೇಗ ಇಡುತ್ತಾಳೆ ಎಂದೆ. ಮಗಳಿಗೆ ಅಲ್ಲಿಯ ನೀರು ಹಿಡಿಸಿ ಮೈ ತುಂಬಿದೆ ಎಂದೆ. ‘ಹೌದಾ, ಮೊದಲ ಕಡ್ಡಿಯಂಗ ಇದ್ಲು’ ಎಂದು ಆಯಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ನಾಗರ ಪಂಚಮಿಗೆ ಮಗಳು ತವರಿಗೆ ಬರಲಿಲ್ಲವೆಂದು ಬೆಟಗೇರಿ ಮಗ್ಗದ ಒಂದು ಸೀರೆ, ಶೇಂಗಾ ಉಂಡಿ, ಎಳ್ಳುಂಡಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟು ಪಾರ್ಸೆಲ್ ಮಾಡಲು ಹೇಳಿದಳು. ಉಂಡಿಗಳನ್ನು ಲಕ್ಷ್ಮೇಶ್ವರದಲ್ಲಿ ಗುಡಿಯ ಮುಂದೆ ಕೂತವರಿಗೆ ಹಂಚಿದೆ. ಸೀರೆಯನ್ನು ಟ್ರಂಕಿನಲ್ಲಿ ಇಟ್ಟೆ. ಆ ವರ್ಷ ಮದುಮಗಳು ಇನ್ನೆರಡು ಸಲ ಬಲೆಗೆ ಬಿತ್ತು. ಎರಡು ಸಲವೂ ಆಯಿ ಬಿಟ್ಟಳು, ಕೂಗಿ ಕೇಳಿದಳು.

ಅದೇ ವರ್ಷ ಗದಗಿನಲ್ಲಿ ಒಂದು ಸಣ್ಣ ಗೋಷ್ಠಿಯಲ್ಲಿ ಮೀನಿನ ಹೆಸರುಗಳ ಮೇಲೆ ನಾನು ಬರೆದದ್ದನ್ನು ಓದಿದೆ. ಕುಂಭಕರ್ಣನಿಗೆ ಜನ ನಕ್ಕರು, ಮದುಮಗಳಿಗೆ ಸುಮ್ಮನಾದರು. ಒಬ್ಬರು ಎದ್ದು, ‘ಈ ಪದ್ಧತಿ ಈಗಲೂ ಜೀವಂತ ಇದೆಯೇ?’ ಎಂದು ಕೇಳಿದರು. ‘ಇದೆ, ಒಂದೇ ಒಂದು ಮನೆಯಲ್ಲಿ’ ಎಂದೆ. ಚಪ್ಪಾಳೆ ಬಿದ್ದವು. ಮೀನಿನ ಅಕ್ಕೋರು ಎಂಬ ಹೆಸರು ಬಂದದ್ದು ಅಲ್ಲಿಂದ. ನನ್ನ ಮೇಲೆ ನನಗಿರುವಷ್ಟು ಸಿಟ್ಟು ಬೇರೆ ಯಾರ ಮೇಲೂ ಇಲ್ಲ.

ಗೊತ್ತಾದದ್ದು ಮುಂಡರಗಿಯ ಸಂತೆಯಲ್ಲಿ. ಸಂಕ್ರಾಂತಿಗೆ ಮಗಳು ಬಂದೇ ಬರುತ್ತಾಳೆಂದು ಆಯಿ ಬಳೆ ಕೊಳ್ಳಲು ಹೋಗಿದ್ದಳು. ಶಿರಹಟ್ಟಿಯಿಂದ ಬಂದು ಬಳೆ ಮಾರುತ್ತಿದ್ದ ಸಾಬರ ಹೆಂಗಸೊಬ್ಬಳಿಗೆ ಆ ಕಡೆಯ ಊರುಗಳ ಪ್ರತಿ ಸೊಸೆಯ ಕೈ ಅಳತೆಯೂ ಬಾಯಿಪಾಠ. ಆಯಿ ಮಗಳ ಊರು ಹೇಳಿ, ಗಂಡನ ಮನೆ ಹೇಳಿ, ಅವಳ ಅಳತೆಯ ಹಸಿರು ಬಳೆ ಕೊಡೆಂದಳು. ಬಳೆಯವಳು ಕೈಯಲ್ಲಿನ ಬಳೆ ಕೆಳಗಿಟ್ಟು, ‘ಯಕ್ಕಾ, ಅಕಿ ಹೋಗಿ ವರ್ಷ ಆಗಾಕ ಬಂತಲ್ಲ. ನಿನಗ ಖಬರ ಇಲ್ಲೇನು?’ ಎಂದಳಂತೆ.

ಆಯಿ ಸಂತೆಯಿಂದ ಬಸ್ಸು ಹತ್ತದೆ ನಡೆದುಕೊಂಡೇ ಬಂದಳು. ನಾನು ಕೋಣೆಯಲ್ಲಿ ಪರೀಕ್ಷೆಯ ಉತ್ತರ ಪತ್ರಿಕೆ ನೋಡುತ್ತಿದ್ದೆ. ಬಾಗಿಲ ಹೊರಗೇ ನಿಂತಳು. ‘ಅಕ್ಕೋರ, ನಿಮಗ ಗೊತ್ತಿತ್ತೇನ್ರಿ?’ ಎಂದು ಕೇಳಿದಳು.

ಆ ‘ರೀ’ ಕೇಳಿ ನನಗೆ ಎಲ್ಲ ತಿಳಿಯಿತು. ಗೊತ್ತಿತ್ತು ಎಂದೆ. ಕಣ್ಣಿನ ಆಪರೇಷನ್ ಆಗಿತ್ತು, ಅಳಬಾರದು ಎಂದು ಡಾಕ್ಟರು ಹೇಳಿದ್ದರು ಎಂದೆ. ನನ್ನ ಮಾತು ನನಗೇ ಶಾಲೆಯಲ್ಲಿ ಮನೆಗೆಲಸ ಮಾಡದ ಮಗುವಿನ ಸಬೂಬಿನಂತೆ ಕೇಳಿಸಿತು.

‘ಕಣ್ಣು ಹೋದ್ರ ಹೋಗ್ತಿದ್ವಲ್ರಿ ಅಕ್ಕೋರ’ ಎಂದಳು ಆಯಿ. ದನಿ ಏರಿಸಲಿಲ್ಲ. ‘ಮೂರು ಸಲ ನನ್ನ ಕೈಯಾಗ ಬಂದಿತ್ತಲ್ರಿ ಅಕಿ ತುತ್ತು. ಮೂರು ಸಲ ಬಿಟ್ಟನಲ್ರಿ ನಾನು. ಬಿಟ್ಟು ಉಂಡಿಯೇನಂತ ಬ್ಯಾರೆ ಕೇಳಿದೆ. ನನ್ನ ಕೂಸು ವರ್ಷ ಉಪವಾಸ ಕುಂತಿತ್ರಿ.’

ಅವಳು ಬೈದಿದ್ದರೆ, ಕೋಣೆ ಖಾಲಿ ಮಾಡು ಎಂದಿದ್ದರೆ, ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ಹರಗೋಲು ತೆಗೆದುಕೊಂಡು ಹೋದಳು. ಅವತ್ತಿನಿಂದ ಅವಳಿಗೆ ಹೊಳೆಯಲ್ಲಿ ಬೇರೆ ಮೀನಿನ ಮೇಲೆ ಲಕ್ಷ್ಯ ಇಲ್ಲ. ಬಲೆಗೆ ಬಿದ್ದದ್ದನ್ನೆಲ್ಲ ಮೈದುನನ ಮಗನ ಬುಟ್ಟಿಗೆ ಸುರಿಯುತ್ತಿದ್ದಳು. ಅವನು ನಲವತ್ತರ ಆಸುಪಾಸಿನ ಒಳ್ಳೆಯ ಮನುಷ್ಯ, ಅವನ ಹೆಂಡತಿಯೇ ಆಯಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಆದರೆ ಆಮೇಲೆ ಮದುಮಗಳು ಬೀಳಲೇ ಇಲ್ಲ. ಕೆಳಗೆ ಬ್ಯಾರೇಜ್ ಕಟ್ಟಿದ ಮೇಲೆ ಹೊಳೆ ಹರಿಯುವುದು ಬಿಟ್ಟು ನಿಲ್ಲುವುದನ್ನು ಕಲಿತಿತ್ತು. ಅದರಲ್ಲಿ ಕಾಟ್ಲಾ, ರೋಹು ಮರಿ ತಂದು ಬಿಟ್ಟಿದ್ದರು, ಜಿಲೇಬಿ ಮೀನು ತಾನಾಗಿ ಹಬ್ಬಿತ್ತು. ಇವಕ್ಕೆ ಯಾವ ಕಥೆಯೂ ಇಲ್ಲ. ಹಳೆಯ ಮೀನುಗಳೇ ಕಡಿಮೆಯಾಗಿದ್ದವು. ನಾನು ಬಂದ ಹೊಸದರಲ್ಲಿ ವಾರಕ್ಕೊಂದು ಬೀಳುತ್ತಿದ್ದ ಮದುಮಗಳು, ಮಗಳು ತೀರಿಕೊಂಡ ವರ್ಷ ಮೂರು ಸಲ ಬಿದ್ದದ್ದೇ ಹೆಚ್ಚು. ಆ ಮೂರನ್ನೂ ನನ್ನ ಸುಳ್ಳು ತಿಂದಿತ್ತು.

ಆಯಿ ಆಗ ಅತ್ತಳು. ನಾನು ನಲವತ್ತು ದಿನ ಕಾವಲು ಕಾಯ್ದು ಉಳಿಸಿದ್ದ ಕಣ್ಣಿನಿಂದ ತಿಂಗಳುಗಟ್ಟಲೆ ಅತ್ತಳು. ಕಣ್ಣು ಮತ್ತೆ ಮಬ್ಬಾಯಿತು. ಅಳುವಿನಿಂದ ಮಬ್ಬಾಯಿತೋ ವಯಸ್ಸಿನಿಂದಲೋ ನಾನು ಹೇಳಲಾರೆ. ಗದಗಿಗೆ ಹೋಗಿ ತೋರಿಸೋಣ ಎಂದರೆ ಬೇಡವೆಂದಳು.

ನಾನು ಸುಮ್ಮನೆ ಕೂರಲಿಲ್ಲ. ಗದಗ, ಬೆಟಗೇರಿಯ ಮೀನು ಮಾರುವವರನ್ನೆಲ್ಲ ಹಳದಿ ಹೊಟ್ಟೆಯ ಮೀನು ಕೇಳುತ್ತ ತಿರುಗಿದೆ. ಒಂದು ಭಾನುವಾರ ಒಬ್ಬಾಕೆಯ ಬುಟ್ಟಿಯಲ್ಲಿ ಸಿಕ್ಕಿತು, ಯಾವುದೋ ಕೆರೆಯದು. ಜೀವನದಲ್ಲಿ ಮೊದಲ ಸಲ ಸತ್ತ ಮೀನನ್ನು ಕೈಯಲ್ಲಿ ಹಿಡಿದೆ. ಊಟದ ಡಬ್ಬಿಯಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಡಬ್ಬಿ ಸೋರಿ ಪಕ್ಕದವರ ಧೋತರಕ್ಕೆ ನೀರು ತಾಗಿ, ಕಂಡಕ್ಟರನಿಂದ ಬೈಸಿಕೊಂಡು, ಮುಂಡರಗಿಯವರೆಗೆ ನಿಂತುಕೊಂಡೇ ಬಂದೆ.

ಆಯಿ ಮೂಗಿನ ಹತ್ತಿರ ಹಿಡಿದು ನೋಡಿದಳು. ‘ಮದುಮಗಳ ಹೌದ್ರಿ. ಆದ್ರ ಇದನ್ನ ಗಂಗವ್ವ ನನ್ನ ಬಲಿಗೆ ಕೊಟ್ಟಿಲ್ಲಲ್ರಿ.’

‘ಬಲೆಯಾಗ ಇಟ್ಟು ನೀರಿಗೆ ಬಿಡ್ತೀನಿ ಆಯಿ. ನೀನ ಕೈಯಾರೆ ಎಳಕೋ’ ಎಂದೆ. ನಾನು ಬುದ್ಧಿವಂತೆ ಎಂದು ಆಗಲೂ ಅಂದುಕೊಂಡಿದ್ದೆ.

‘ಗಂಗವ್ವಗ ಸುಳ್ಳು ಹೇಳಾಕ ನನಗ ಬರೂದಿಲ್ರಿ ಅಕ್ಕೋರ’ ಎಂದು ಅವಳು ಡಬ್ಬಿಯ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟಳು. ಅವಳು ನನಗೆ ಆಡಿದ ಬಿರುಸು ಮಾತು ಇದೊಂದೇ.

ಒಂದೂವರೆ ವರ್ಷ ಹೀಗೇ ಹೋಯಿತು. ಆಯಿ ಸೊರಗಿದಳು. ಹರಗೋಲು ಹತ್ತುವುದು ಆಗದೆ ಮೈದುನನ ಮಗ ಬಲೆ ಬಿಟ್ಟು ದಂಡೆಗೆ ತರುತ್ತಿದ್ದ. ಅವಳು ದಂಡೆಯಲ್ಲಿ ಕೂತು ತನ್ನ ಕೈಯಾರೆ ಮೀನು ಬಿಡಿಸುತ್ತಿದ್ದಳು. ಗಣೇಶನ ಹಬ್ಬ ಮುಗಿದ ವಾರ, ಹೊಳೆ ತುಂಬಿತ್ತು. ಬೆಳಿಗ್ಗೆ ಎಂಟರ ಹೊತ್ತಿಗೆ ಅವನು ಓಡಿ ಬಂದು ನನ್ನನ್ನು ಕರೆದ. ‘ಆಯಿ ನಿಮ್ಮನ್ನ ಕರೀತಾಳ್ರಿ, ಜಲ್ದಿ ಬರ್ರಿ.’

ಆಯಿ ದಂಡೆಯ ಕಲ್ಲಿನ ಮೇಲೆ ಕೂತಿದ್ದಳು. ಎರಡೂ ಕೈಯಲ್ಲಿ ಒಂದು ಮೀನು. ಗೇಣುದ್ದ, ಬೆಳ್ಳಿ ಬೆನ್ನು. ಮುಖದ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದಳು. ಅವಳಿಗೆ ಕಾಣುತ್ತಿರಲಿಲ್ಲ.

‘ಬಂದಿಯೇನ ಯವ್ವಾ’ ಎಂದಳು. ಒಂದೂವರೆ ವರ್ಷದ ಮೇಲೆ ನನ್ನನ್ನು ಹಾಗೆ ಕರೆದಳು. ‘ಇವನ್ನ ಕೇಳಿದ್ರ ನನ್ನ ಸಮಾಧಾನಕ್ಕ ಏನರ ಹೇಳ್ತಾನ. ನೀ ನೋಡು. ಹೊಟ್ಟಿ ಬಣ್ಣ ಏನೈತಿ ಹೇಳು. ಈ ಸಲ ಖರೆ ಹೇಳು.’

ಮಗುಚಿ ಹಿಡಿದಳು. ನಾನು ಬಗ್ಗಿ ನೋಡಿದೆ. ಬಿಳಿ. ಎಲ್ಲಾದರೂ ಒಂದು ಹನಿ ಹಳದಿ ಇದ್ದೀತೆಂದು ರೆಕ್ಕೆ ಸರಿಸಿ ನೋಡಿದೆ, ಬಾಲದ ಬುಡ ನೋಡಿದೆ. ಬಿಳಿಯೇ. ಅವಳ ಬೆನ್ನ ಹಿಂದೆ ನಿಂತಿದ್ದ ಮೈದುನನ ಮಗ ನನ್ನನ್ನು ನೋಡಿ ಗೋಣು ಆಡಿಸುತ್ತಿದ್ದ, ಹೌದು ಅನ್ನಿ, ಹೌದು ಅನ್ನಿ ಎಂದು. ಒಂದು ಮಾತು ಸಾಕಾಗಿತ್ತು. ಅವಳು ಮನೆಗೆ ಹೋಗಿ ಒಲೆ ಹಚ್ಚುತ್ತಿದ್ದಳು, ಹೊಳೆಗೆ ಮುಖ ಮಾಡಿ ಕೂತು ಒಂದು ತುತ್ತು ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು. ಅಲ್ಲೆಲ್ಲೋ ಅವಳ ಮಗಳ ಹೊಟ್ಟೆ ತುಂಬುತ್ತಿತ್ತು.

‘ಬಿಳಿ ಐತಿ ಆಯಿ’ ಎಂದೆ. ‘ಸವತಿ.’

ಆಯಿ ‘ಹೂಂ’ ಎಂದಳು. ಮೀನನ್ನು ಬುಟ್ಟಿಯಲ್ಲಿಟ್ಟು, ಒದ್ದೆ ಕೈಯಿಂದ ನನ್ನ ಗಲ್ಲ ಮುಟ್ಟಿ, ‘ಈ ಸಲ ಖರೆ ಹೇಳಿದಿ ನನ್ನವ್ವ’ ಎಂದಳು. ಎಬ್ಬಿಸಲು ಕೈ ಕೊಟ್ಟೆ. ನನ್ನ ಹೆಗಲು ಹಿಡಿದುಕೊಂಡೇ ಮನೆಯವರೆಗೆ ಬಂದಳು.

ದೀಪಾವಳಿಗೆ ನಾಲ್ಕು ದಿನ ಇದೆ ಎನ್ನುವಾಗ ಹೋದಳು. ಅಷ್ಟರೊಳಗೆ ಮದುಮಗಳು ಬೀಳಲಿಲ್ಲ.

ಟ್ರಂಕಿನಲ್ಲಿದ್ದ ಬೆಟಗೇರಿ ಸೀರೆಯನ್ನು ತಂದು ಅವಳ ಮೈಮೇಲೆ ಹೊದಿಸಿದೆ. ಮೂರನೆಯ ದಿನ ಎಲ್ಲ ಮುಗಿದು ಹೊಳೆಯ ದಂಡೆಯಲ್ಲಿ ನಿಂತಾಗ ಮೈದುನನ ಮಗ ಹತ್ತಿರ ಬಂದ. ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ. ‘ಹಳದಿ ಐತಿ ಅಂತ ಒಂದ್ ಮಾತು ಅಂದಿದ್ರ ಏನಾಗ್ತಿತ್ರಿ ಅಕ್ಕೋರ?’

ಸುಳ್ಳು ಹೇಳಬಾರದಾಗಿದ್ದಾಗ ಹೇಳಿದೆ. ಹೇಳಬಹುದಾಗಿದ್ದಾಗ ಬಾಯಿ ಬರಲಿಲ್ಲ. ಎರಡು ಸಲವೂ ಪ್ರೀತಿಯಿಂದಲೇ ಮಾಡಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ, ಅದರಿಂದ ಏನೂ ಹಗುರಾಗುವುದಿಲ್ಲ.

ಈಗ ವರ್ಗವಾಗಿ ಬೆಟಗೇರಿಯ ಶಾಲೆಯಲ್ಲಿದ್ದೇನೆ. ನೋಟ್‌ಬುಕ್ಕನ್ನು ಯಾರಿಗೂ ಕೊಟ್ಟಿಲ್ಲ. ನಮ್ಮ ಕಡೆ ಮಧ್ಯಾಹ್ನ ಓಣಿಯಲ್ಲಿ ಎದುರಾದವರೆಲ್ಲ ಕೇಳುವ ಮಾತು ಒಂದೇ, ‘ಊಟ ಆತೇನ್ರಿ ಅಕ್ಕೋರ?’ ಕೇಳುವವರು ಉತ್ತರಕ್ಕೂ ಕಾಯದೆ ಮುಂದೆ ಹೋಗುತ್ತಾರೆ. ನಾನೂ ‘ಆತ್ರಿ’ ಎನ್ನುತ್ತೇನೆ. ಆಯಿಯ ಮಗಳದು ಇನ್ನೂ ಆಗಿಲ್ಲ.